ವಿದ್ಯುತ್ ಮೌಂಟನ್ ಬೈಕು: ವಿನ್ಯಾಸ ಯಾರದು, ಹೆಸರು ಯಾರದು?

ವಿದ್ಯುತ್ ಮೌಂಟನ್ ಬೈಕಿನ ಮೇಲೆ ಒಂದೇ ಹೆಸರಿದ್ದರೂ ಅದರ ಹಿಂದೆ ಹಲವು ಉದ್ಯಮಗಳ ಶ್ರಮವಿರುತ್ತದೆ. ಇದರಲ್ಲಿ ಲಾಭದ ಪಾಲು ಯಾರಿಗೆ ಸಲ್ಲುತ್ತದೆ ಎಂಬುದು ನಮ್ಮ ತಯಾರಕರು ಗಮನಿಸಬೇಕಾದ ವಿಷಯ.

1979ರಲ್ಲಿ ಕ್ಯಾಲಿಫೋರ್ನಿಯಾದ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ ಅವರು 'ಮೌಂಟನ್‌ಬೈಕ್ಸ್' ಎಂಬ ಸಂಸ್ಥೆ ಸ್ಥಾಪಿಸಿ, ಟಾಮ್ ರಿಚಿ ನಿರ್ಮಿಸಿದ ಚೌಕಟ್ಟುಗಳ ಬೈಕುಗಳನ್ನು ಮಾರಿದರು. ಆ ಹೆಸರಿನ ಹಕ್ಕನ್ನು ಉಳಿಸಿಕೊಳ್ಳಲಾಗದೆ ಅದು ಇಡೀ ವರ್ಗದ ಸಾಮಾನ್ಯನಾಮವಾಯಿತು. 1981ರಲ್ಲಿ ಸ್ಪೆಷಲೈಜ್ಡ್ ಸಂಸ್ಥೆಯು ಜಪಾನಿನಲ್ಲಿ ತಯಾರಿಸಿದ ಬೈಕಿಗೆ 'ಸ್ಟಂಪ್‌ಜಂಪರ್' ಎಂದು ಹೆಸರಿಟ್ಟಿತು. ಆ ಹೆಸರು ಇಂದಿಗೂ ಅದರ ಸ್ವತ್ತು.

2015ರಲ್ಲಿ ಅದೇ ಸಂಸ್ಥೆ 'ಟರ್ಬೊ ಲೆವೊ' ಎಂಬ ವಿದ್ಯುತ್ ಬೈಕನ್ನು ಹೊರತಂದಾಗ ಮೋಟಾರು ಜರ್ಮನಿಯ ಬ್ರೋಸೆ ಕಂಪನಿಯದಾಗಿತ್ತು. ಮೋಟಾರು ಪೆಡಲು ತಿರುಗುವ ಸ್ಥಾನದಲ್ಲಿಯೇ ಕೂರುವುದರಿಂದ ಚೌಕಟ್ಟನ್ನು ಅದರ ಆಕಾರಕ್ಕೆ ತಕ್ಕಂತೆ ರಚಿಸಬೇಕಾಗುತ್ತದೆ. ಅದಕ್ಕೆ ಬೇರೊಬ್ಬರ ಮೋಟಾರು ಸಾಮಾನ್ಯವಾಗಿ ಹೊಂದದು. ಹೀಗಾಗಿ ಚೌಕಾಸಿಯ ಬಲವು ಮೋಟಾರು ತಯಾರಕನ ಕಡೆಗೆ ವಾಲುತ್ತದೆ. ಡ್ರೋನ್‌ಗಳಿಗೆ ಹೆಸರಾದ ಚೀನಾದ ಡಿಜೆಐ 2024ರಲ್ಲಿ 'ಅವಿನಾಕ್ಸ್' ಮೋಟಾರನ್ನು ಪ್ರಕಟಿಸಿತು. ಅದನ್ನು ಅಳವಡಿಸಿದ ಮೊದಲ ಬೈಕು ಬಂದದ್ದು 'ಆ್ಯಮ್‌ಫ್ಲೋ' ಎಂಬ ಪ್ರತ್ಯೇಕ ಹೆಸರಿನಲ್ಲಿ. ಮೋಟಾರನ್ನು ಇತರ ತಯಾರಕರಿಗೂ ಒದಗಿಸಲಾಯಿತು.

ತೈವಾನಿನ ಜಯಂಟ್ ಸಂಸ್ಥೆಯ ಅನುಭವವೂ ಬೋಧಪ್ರದ. 1972ರಲ್ಲಿ ಆರಂಭವಾಗಿ ಪರರ ಹೆಸರಿನಲ್ಲಿ ಸೈಕಲ್ ತಯಾರಿಸುತ್ತಿದ್ದ ಅದು 1981ರಲ್ಲಿ ಸ್ವಂತ ಹೆಸರನ್ನು ಕಟ್ಟತೊಡಗಿತು. ಮುಂದೆ ಅದರ ದೊಡ್ಡ ಗಿರಾಕಿಯಾದ ಅಮೆರಿಕದ ಶ್ವಿನ್ ಬೇರೆ ತಯಾರಕರತ್ತ ತಿರುಗಿದಾಗ ಆ ಹೆಸರೇ ಆಸರೆಯಾಯಿತು.

ಪರರಿಗಾಗಿ ಬಿಡಿಭಾಗ ತಯಾರಿಸುವ ನಮ್ಮ ಸಣ್ಣ ಉದ್ಯಮಿಗಳು ಹೆಸರು, ವಿನ್ಯಾಸ, ಅಚ್ಚುಗಳ ಒಡೆತನವನ್ನು ಒಪ್ಪಂದದಲ್ಲಿಯೇ ಲಿಖಿತವಾಗಿ ನಮೂದಿಸಿಕೊಳ್ಳುವುದು ಒಳಿತು. 2000ದ ವಿನ್ಯಾಸ ಕಾಯಿದೆಯನ್ವಯ, ಸರಕನ್ನು ಬಹಿರಂಗಗೊಳಿಸುವ ಮುನ್ನವೇ ನೋಂದಣಿಗೆ ಅರ್ಜಿ ಸಲ್ಲಿಸಬೇಕೆಂಬುದನ್ನು ಮರೆಯಬಾರದು.