ಬಿಲ್ಲಿನ ಮ್ಯಾಲಿನ ಇಂಗ್ಲಿಷ್

ಹೋದ ಬ್ಯಾಸಗಿಯೊಳಗ ನಮ್ಮ ಕಾಕಾ ಗೋಕಾಕ ಪ್ಯಾಟಿಯಿಂದ ಬಾವಿಗೆ ಮೋಟಾರು ತಂದರು. ಎಂಟೇ ದಿನಕ್ಕೆ ಅದು ಸುಟ್ಟಿತು. ಚೀಟಿ ಹಿಡಿದು ಅಂಗಡಿಗೆ ಹೋದರೆ, "ಇದು ಬಿಲ್ ಅಲ್ಲರೀ, ಎಸ್ಟಿಮೇಟ್ ಐತಿ" ಅಂದರು. ನಾನೂ ಜೊತೆಗಿದ್ದೆ. ಆ ಶಬ್ದ ಚೀಟಿಯ ತಲೆಯ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಕೊಂಡ ದಿನವೇ ನಾನು ಅದನ್ನು ಓದಿದ್ದೆ, ಅರ್ಥ ಗೊತ್ತಿರಲಿಲ್ಲ.

ಎಸ್ಟಿಮೇಟ್ ಅಂದರೆ ಅಂದಾಜು. ಇಷ್ಟು ರೊಕ್ಕ ಆಗಬಹುದು ಎಂದು ಹೇಳುವ ಚೀಟಿ. ಮಾಲು ಮಾರಿದ್ದಕ್ಕೆ, ರೊಕ್ಕ ಮುಟ್ಟಿದ್ದಕ್ಕೆ ಅದು ಗಟ್ಟಿ ಸಾಕ್ಷಿಯಲ್ಲ. ಕೊಟೇಶನ್ ಅಂದರೂ ಮಾರುವ ಮೊದಲು ಹೇಳುವ ದರ. ನಾವು ಕೇಳಬೇಕಾದ್ದು ಟ್ಯಾಕ್ಸ್ ಇನ್‌ವಾಯ್ಸ್. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಅದರಲ್ಲಿ ಅಂಗಡಿಯವರ ನಂಬರ್ ಇರಬೇಕು. ಅಕ್ಷರ, ಅಂಕಿ ಕೂಡಿ 15. ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. "ಎಸ್ಟಿಮೇಟ್ ಮ್ಯಾಲೆ ಒಯ್ರಿ, ಟ್ಯಾಕ್ಸ್ ಉಳಿತೈತಿ" ಎಂದು ಅಂಗಡಿಯವರು ಅಂದಾಗ ಕಾಕಾನೂ ಹೂಂ ಅಂದಿದ್ದರು, ಅದನ್ನೂ ಹೇಳಬೇಕು.

ನಂಬರ್ ಇಲ್ಲದವರೆಲ್ಲ ಮೋಸಗಾರರಲ್ಲ. ಬರೀ ಮಾಲು ಮಾರುವವರ ವರ್ಷದ ವ್ಯಾಪಾರ 40 ಲಕ್ಷದೊಳಗಿದ್ದರೆ ಸಾಮಾನ್ಯವಾಗಿ ನೋಂದಣಿ ಬೇಕಾಗಿಲ್ಲ. ಹುಕ್ಕೇರಿಯ ನಮ್ಮ ಮಾಮಾನ ಕಿರಾಣಿ ಅಂಗಡಿ ಅಂಥದ್ದು. ಅವರು ಕ್ಯಾಶ್ ಬಿಲ್ ಬರೆದು ಕೊಡುತ್ತಾರೆ, ಅದೂ ಸಾಕ್ಷಿಯೇ. ಆ ಬಿಲ್ಲಿನ ಕೆಳಗೆ "ಇ ಅಂಡ್ ಓ ಇ" ಎಂದಿದೆ. ಏನಿದು ಅಂತ ಕೇಳಿದೆ. "ಪ್ರೆಸ್‌ದವ್ರು ಹಾಕ್ಯಾರ, ನನಗೇನ್ ಗೊತ್ತಪಾ" ಅಂದರು ಮಾಮಾ! ಇಂಗ್ಲಿಷ್ ಗುರುಗಳು ಬಿಡಿಸಿ ಹೇಳಿದರು: ಎರರ್ಸ್ ಅಂಡ್ ಒಮಿಶನ್ಸ್ ಎಕ್ಸೆಪ್ಟೆಡ್. ಅಂದರೆ ಬರೆಯುವಾಗ ಏನಾದರೂ ತಪ್ಪಿದ್ದರೆ, ಬಿಟ್ಟಿದ್ದರೆ ಆಮೇಲೆ ತಿದ್ದಲಿಕ್ಕೆ ಅವಕಾಶ ಇಟ್ಟುಕೊಂಡೇವಿ ಅಂತ.

ಇನ್ನೊಂದು ಸಾಲು ಬಹಳ ಬಿಲ್ಲುಗಳ ಮೇಲೆ ಇರುತ್ತದೆ: ಒಮ್ಮೆ ಮಾರಿದ ಮಾಲು ವಾಪಸ್ ತಗೊಳ್ಳುವುದಿಲ್ಲ. ಇದನ್ನು ಓದಿ ಅಂಜಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಬಿಲ್ಲಿನಲ್ಲಿ ಅವಧಿ ಬರೆದಿರದಿದ್ದರೆ, ದೋಷವಿದ್ದ ಮಾಲನ್ನು 30 ದಿನದೊಳಗೆ ವಾಪಸ್ ತಗೊಂಡು ರೊಕ್ಕ ಕೊಡಲು ಒಲ್ಲೆ ಅನ್ನುವುದು ತಪ್ಪು. ಬಿಲ್ ಕೊಡದಿರುವುದೂ ತಪ್ಪೇ.

ಕಾಕಾ ಮೂಡಲಗಿಯಲ್ಲಿ ಕೈಯಿಂದ ರೊಕ್ಕ ಹಾಕಿ ಮೋಟಾರು ರಿವೈಂಡಿಂಗ್ ಮಾಡಿಸಿದರು. ಮೊನ್ನೆ ಪೈಪ್ ತರಲು ಬೇರೆ ಅಂಗಡಿಗೆ ಹೋದಾಗ ಚೀಟಿ ನನ್ನ ಕೈಗೆ ಕೊಟ್ಟು, "ಮ್ಯಾಲೆ ಏನ್ ಬರದೈತಿ ಓದು" ಅಂದರು. "ಎಸ್ಟಿಮೇಟ್" ಎಂದು ಗಟ್ಟಿಯಾಗಿ ಓದಿದೆ. ಅಂಗಡಿಯವರು ನನ್ನ ಮುಖ ನೋಡಿ, ಗಲ್ಲೆಯ ಕೆಳಗಿನಿಂದ ಇನ್ನೊಂದು ಪುಸ್ತಕ ತೆಗೆದರು.