ದೂರದ ಸೈಕಲ್ ಸವಾರಿಯಲ್ಲಿ ಆಹಾರ ಮತ್ತು ವೇಗ

ದೂರದ ಕ್ಷೇತ್ರಗಳಿಗೆ ಸೈಕಲ್ಲಿನಲ್ಲಿ ಹೊರಡುವ ತರುಣರು ದಾರಿಯಲ್ಲಿ ಬಸವಳಿಯುವುದು ಬಹುಮಟ್ಟಿಗೆ ಮೊದಲ ಎರಡು ಗಂಟೆಗಳ ಅವಸರದಿಂದ. ಯಕೃತ್ತು ಹಾಗೂ ಸ್ನಾಯುಗಳಲ್ಲಿ ಸಂಗ್ರಹವಾಗಿರುವ ಶರ್ಕರಾಂಶವು ಮಿತವಾದುದು. ರಭಸದಿಂದ ತುಳಿದಷ್ಟೂ ಅದು ಬೇಗ ಬರಿದಾಗಿ, ಕೈ ನಡುಗಿ ಕಣ್ಣು ಮಂಜಾಗುತ್ತದೆ.

ವ್ಯಾಯಾಮವನ್ನು ಅರ್ಧಬಲದಷ್ಟೇ ಮಾಡಬೇಕೆಂದು ಸುಶ್ರುತಸಂಹಿತೆ ವಿಧಿಸುತ್ತದೆ. ಉಸಿರು ಬಾಯಿಗೆ ಬಂದರೆ ಆ ಮಿತಿ ಮುಟ್ಟಿತೆಂದು ತಿಳಿಯಬೇಕು. ಜೊತೆಗಾರನೊಡನೆ ಏದುಸಿರಿಲ್ಲದೆ ಮಾತನಾಡಬಲ್ಲ ವೇಗವೇ ಹಿತ. ದೂರಸವಾರರ 200 ಕಿ.ಮೀ. ‘ಬ್ರೆವೆ’ ಪಯಣಕ್ಕೂ 13 ಗಂಟೆ 30 ನಿಮಿಷಗಳ ಅವಕಾಶವುಂಟು. ಅಂದರೆ ನಿಲುಗಡೆಗಳೂ ಸೇರಿ ಗಂಟೆಗೆ 15 ಕಿ.ಮೀ. ಸಾಕು.

ಹಸಿದು ಉಣ್ಣಬೇಕೆಂದು ನಾವು ಈ ಅಂಕಣದಲ್ಲಿ ಹಲವು ಬಾರಿ ಬರೆದಿದ್ದೇವೆ. ಸೈಕಲ್ಲಿನ ಮೇಲೆ ಆ ನಿಯಮ ಸಲ್ಲದು. ಹಸಿವು ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ. ಅರ್ಧ ಗಂಟೆಗೊಮ್ಮೆ ಒಂದು ಬಾಳೆಹಣ್ಣನ್ನೋ ನಾಲ್ಕು ಖರ್ಜೂರಗಳನ್ನೋ ಸೇವಿಸಬೇಕು. ದಾರಿಯ ಮಠಗಳಲ್ಲಿ ದಾಸೋಹದ ಪ್ರಸಾದವನ್ನು ಒಲ್ಲೆನೆನ್ನಲಾಗದು. ಸ್ವಲ್ಪವೇ ನೀಡಿಸಿಕೊಂಡು, ಅರ್ಧ ಗಂಟೆ ವಿಶ್ರಮಿಸಿ ಮುಂದುವರಿಯುವುದು ಲೇಸು. ಬರಿಯ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಲವಣಾಂಶ ತಗ್ಗುತ್ತದೆ. ನಡುನಡುವೆ ಉಪ್ಪು ಬೆರೆಸಿದ ಮಜ್ಜಿಗೆ ಉತ್ತಮ.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮುನ್ನ ಔಷಧದ ಪ್ರಮಾಣವನ್ನು ತಮ್ಮ ವೈದ್ಯರಲ್ಲಿ ವಿಚಾರಿಸಿಕೊಳ್ಳಬೇಕು. ಜೇಬಿನಲ್ಲಿ ಸಕ್ಕರೆ ಇರಲೇಬೇಕು.