ನಾಣ್ಯ ಬಿದ್ದದ್ದು ಎಲ್ಲಿ?

ಜೈ ನಾಣ್ಯ ಚಿಮ್ಮುತ್ತಾನೆ. ಅದು ಗಾಳಿಯಲ್ಲಿ ತಿರುಗುತ್ತ ಹೋಗಿ ಎಲ್ಲೋ ಬಿದ್ದು ಠಣ್ ಎನ್ನುತ್ತದೆ. ‘ಶೋಲೆ’ಯನ್ನು 70 ಎಂಎಂ ಥಿಯೇಟರಿನಲ್ಲಿ ನೋಡಿದ ಹಿರಿಯರನ್ನು ಕೇಳಿ ನೋಡಿ. ಆ ಸದ್ದಿಗೆ ಜನ ಸೀಟಿನ ಕೆಳಗೆ ಬಗ್ಗಿ ನಾಣ್ಯ ಹುಡುಕುತ್ತಿದ್ದರು ಎಂದು ಇವತ್ತಿಗೂ ಕಣ್ಣರಳಿಸಿ ಹೇಳುತ್ತಾರೆ. ನಾನು ಅದೇ ದೃಶ್ಯ ನೋಡಿದ್ದು ವಿಸಿಆರ್‌ನಲ್ಲಿ, ಆಮೇಲೆ ವಿಸಿಡಿಯಲ್ಲಿ. ನಾಣ್ಯ ಟಿವಿಯೊಳಗೇ ಬಿತ್ತು. ಮನೆಯಲ್ಲಿ ಯಾರೂ ಬಗ್ಗಿ ನೋಡಲಿಲ್ಲ.

1975ರ ಆಗಸ್ಟ್ 15ರಂದು ತೆರೆಕಂಡ ಈ ಚಿತ್ರದ ಬಹುಪಾಲು ಚಿತ್ರೀಕರಣ ನಡೆದದ್ದು ನಮ್ಮ ರಾಮನಗರದ ಬಂಡೆಗಳ ನಡುವೆ. 35 ಎಂಎಂ ಫಿಲ್ಮಿನಲ್ಲಿ ತೆಗೆದು 70 ಎಂಎಂಗೆ ಹಿಗ್ಗಿಸಿದರು. ಅಂದಿನ 70 ಎಂಎಂ ಪ್ರಿಂಟಿನ ಮೇಲೆ ಟೇಪಿನಂಥ ಕಾಂತೀಯ ಪಟ್ಟಿಗಳಿರುತ್ತಿದ್ದವು. ಅವುಗಳಲ್ಲಿ ಆರು ಧ್ವನಿ ಟ್ರ್ಯಾಕು. ವಾಡಿಕೆಯಂತೆ ಐದು ಟ್ರ್ಯಾಕು ತೆರೆಯ ಹಿಂದಿನ ಸ್ಪೀಕರ್‌ಗಳಿಗೆ, ಆರನೆಯದು ಪ್ರೇಕ್ಷಕರ ಸುತ್ತಲಿನ ಗೋಡೆಗಳಿಗೆ. ನಾಣ್ಯ ತೆರೆ ದಾಟಿ ಜನರ ನಡುವೆ ಬಂದದ್ದು ಈ ಹಾದಿಯಲ್ಲಿ.

ಮೆಚ್ಚಿನ ಸಿನಿಮಾದ ಡಿಸ್ಕ್ ಕೊಳ್ಳುವಾಗ ನಾವು ಚಿತ್ರ ಎಷ್ಟು ಸ್ಪಷ್ಟವಿದೆ ಎಂದು ವಿಚಾರಿಸುತ್ತೇವೆ. ಧ್ವನಿಯ ಬಗ್ಗೆ ಕೇಳುವುದು ಒಂದೇ ಪ್ರಶ್ನೆ: 5.1 ಇದೆಯೇ? ಕೇಳಬೇಕಾದ ಇನ್ನೊಂದು ಪ್ರಶ್ನೆ ಅದಕ್ಕಿಂತ ದೊಡ್ಡದು: ಇದು ಯಾರು ಬೆರೆಸಿದ ಧ್ವನಿ, ಅಂದಿನದೋ ಇಂದಿನದೋ?

ಎರಡು ಎಳೆಯೊಳಗೆ ನಾಲ್ಕು

ಮನೆಗೆ ಬಂದ ಸಿನಿಮಾದ ಮೊದಲ ಸರೌಂಡ್ ಧ್ವನಿ ಕ್ಯಾಸೆಟ್ಟಿನಲ್ಲಿ ಅಡಗಿಕೊಂಡು ಬಂತು. ‘ಸ್ಟಾರ್ ವಾರ್ಸ್’ (1977) ಕಾಲದ ಡಾಲ್ಬಿ ಸ್ಟೀರಿಯೊ ಪ್ರಿಂಟುಗಳಲ್ಲಿ ಎಡ, ಬಲ, ನಡು, ಹಿಂದೆ ಎಂಬ ನಾಲ್ಕು ಧ್ವನಿಗಳನ್ನು ಎರಡೇ ಟ್ರ್ಯಾಕಿನೊಳಗೆ ಹೆಣೆದಿರುತ್ತಿದ್ದರು. ಆ ಎರಡು ಟ್ರ್ಯಾಕುಗಳನ್ನು ಸ್ಟೀರಿಯೊ ವಿಡಿಯೊ ಕ್ಯಾಸೆಟ್ಟಿಗೆ ಇಳಿಸಿದಾಗ ಹೆಣಿಗೆಯೂ ಜೊತೆಗೇ ಬಂತು. ಅದನ್ನು ಮನೆಯಲ್ಲಿ ಬಿಡಿಸುವ ಡಾಲ್ಬಿ ಸರೌಂಡ್ ಉಪಕರಣ ಬಂದದ್ದು 1982ರಲ್ಲಿ. ನಡುವಿನ ಸ್ಪೀಕರನ್ನೂ ಮಾತಾಡಿಸುವ ಪ್ರೊ ಲಾಜಿಕ್ 1987ರಲ್ಲಿ. ಆದರೆ ಹೆಣೆದ ಎಳೆಗಳು ಪೂರ್ತಿ ಬಿಡಿಸಿಕೊಳ್ಳುತ್ತಿರಲಿಲ್ಲ. ಒಂದರ ಸದ್ದು ಇನ್ನೊಂದಕ್ಕೆ ಸೋರುತ್ತಿತ್ತು, ಹಿಂದಿನ ಎರಡೂ ಸ್ಪೀಕರ್‌ಗಳಲ್ಲಿ ಬರುತ್ತಿದ್ದುದು ಒಂದೇ ಧ್ವನಿ.

ಪ್ರತಿ ಸ್ಪೀಕರಿಗೂ ಬೇರೆಬೇರೆ ಧ್ವನಿ ಮನೆಗೆ ಬಂದದ್ದು 1995ರ ಜನವರಿಯಲ್ಲಿ, ‘ಕ್ಲಿಯರ್ ಅಂಡ್ ಪ್ರೆಸೆಂಟ್ ಡೇಂಜರ್’ ಚಿತ್ರದ ಲೇಸರ್‌ಡಿಸ್ಕ್ ಮೂಲಕ. ಅದೇ ಡಾಲ್ಬಿ ಡಿಜಿಟಲ್ 5.1. ಮುಂದೆ ಮೂರು, ಹಿಂದೆ ಎರಡು ಸೇರಿ ಐದು. ಗುಡುಗು, ಸ್ಫೋಟದಂಥ ತಗ್ಗಿನ ಸದ್ದಿಗೆಂದೇ ಇರುವ ವಾಹಿನಿ ‘.1’.

ಡಿವಿಡಿಯಲ್ಲಿ ಜಾಗ ಕಡಿಮೆ. ಹಾಗಾಗಿ ಡಾಲ್ಬಿ ಡಿಜಿಟಲ್ ಧ್ವನಿಯನ್ನು ಸೆಕೆಂಡಿಗೆ ಹೆಚ್ಚೆಂದರೆ 448 ಕಿಲೋಬಿಟ್‌ನೊಳಗೆ ಹಿಡಿಸಬೇಕಿತ್ತು. ಡೊಳ್ಳು ಬಾರಿಸುವಾಗ ಪಕ್ಕದವರ ಬಳೆಯ ಸದ್ದು ಕಿವಿಗೆ ಬೀಳುವುದಿಲ್ಲವಲ್ಲ, ಅಂಥ ಬಳೆಯ ಸದ್ದುಗಳನ್ನೆಲ್ಲ ಲೆಕ್ಕ ಹಾಕಿ ತೆಗೆದುಹಾಕುವುದೇ ಅದರ ಉಪಾಯ. ಸ್ಪರ್ಧೆಗೆ ಬಂದ ಡಿಟಿಎಸ್‌ನ ಪೂರ್ಣ ದರ ಸುಮಾರು 1,509 ಕಿಲೋಬಿಟ್. ಅದೂ ಒಂದಿಷ್ಟು ಬಿಟ್ಟೇ ತರುತ್ತಿತ್ತು.

2006ರಲ್ಲಿ ಬಂದ ಬ್ಲೂ-ರೇ ಈ ಕೊರತೆ ನೀಗಿಸಿತು. ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ ಎಂಬ ಎರಡು ವಿಧಾನಗಳು ಧ್ವನಿಯನ್ನು ರೇಷ್ಮೆ ಸೀರೆಯ ಹಾಗೆ ಮಡಿಚಿಡುತ್ತವೆ. ಬಿಚ್ಚಿದಾಗ ಒಂದು ಎಳೆಯೂ ಕಡಿಮೆಯಾಗಿರುವುದಿಲ್ಲ. ಮುಂದಿನ ಹೆಜ್ಜೆ ಅಟ್ಮಾಸ್. ಈ ಸದ್ದು ಇಂಥ ಸ್ಪೀಕರಿಗೆ ಎನ್ನುವ ಬದಲು ಈ ಸದ್ದು ಕೋಣೆಯ ಇಂಥ ಜಾಗದಲ್ಲಿದೆ ಎಂದು ಅದು ಬರೆದಿಡುತ್ತದೆ. ತಲೆಯ ಮೇಲಿನ ಜಾಗವೂ ಅದರಲ್ಲಿ ಸೇರಿದೆ. ಥಿಯೇಟರಿಗೆ 2012ರಲ್ಲಿ, ಮನೆಯ ಡಿಸ್ಕ್‌ಗೆ 2014ರಲ್ಲಿ ಅದು ಕಾಲಿಟ್ಟಿತು.

ಹೆಚ್ಚಾಯಿತೋ, ಬೇರೆಯಾಯಿತೋ

ಸಾಮಗ್ರಿ ಹೀಗೆ ಬೆಳೆದಂತೆ ಹಳೆಯ ಚಿತ್ರಗಳಿಗೊಂದು ಅಪಾಯವೂ ಬೆಳೆಯಿತು. ‘ಶೋಲೆ’ ಬಂದ ವರ್ಷವೇ ಬಂದ ಸ್ಪೀಲ್‌ಬರ್ಗ್ ಅವರ ‘ಜಾಸ್’ ಒಂದೇ ಟ್ರ್ಯಾಕಿನ ಮೊನೊ ಚಿತ್ರ. ಆ ಒಂದೇ ಟ್ರ್ಯಾಕಿಗೆ ಧ್ವನಿಯ ಆಸ್ಕರ್ ಬಂತು. 2000ದಲ್ಲಿ ಡಿವಿಡಿ ತರುವಾಗ ಅದನ್ನು 5.1ಕ್ಕೆ ಹಿಗ್ಗಿಸಿದರು, ಕೆಲವು ಸದ್ದುಗಳ ಜಾಗದಲ್ಲಿ ಹೊಸ ಸದ್ದು ಬಂತು. ಮೂಲವನ್ನು ಬಾಯಿಪಾಠ ಮಾಡಿಕೊಂಡಿದ್ದ ಅಭಿಮಾನಿಗಳಿಗೆ ನೋವಾಯಿತು. 2012ರ ಬ್ಲೂ-ರೇಯಲ್ಲಿ 7.1ರ ಜೊತೆಗೆ ಮೊನೊ ಕೂಡ ಇತ್ತು. ‘ದಿ ಟರ್ಮಿನೇಟರ್’ (1984) ಚಿತ್ರದ ಮೊನೊ 5.1 ಆದಾಗ ಬಂದೂಕಿನ ಸದ್ದೇ ಬದಲಾಯಿತು. ಹಿಚ್‌ಕಾಕ್ ಅವರ ‘ವರ್ಟಿಗೊ’ 1996ರಲ್ಲಿ ಪುನರುಜ್ಜೀವನಗೊಂಡಾಗ ಹೆಜ್ಜೆ, ಬಾಗಿಲುಗಳ ಸದ್ದನ್ನು ಹೊಸದಾಗಿ ಮುದ್ರಿಸಿದ್ದು ದೊಡ್ಡ ಚರ್ಚೆಯನ್ನೇ ಎಬ್ಬಿಸಿತು.

ಮೊನೊ ಎಂದರೆ ಬಡತನ ಎಂದುಕೊಳ್ಳುವುದು ತಪ್ಪು. ಒಂದೇ ಟ್ರ್ಯಾಕಿನಲ್ಲಿ ಮಾತು, ಸಂಗೀತ, ಮೌನ ಯಾವುದು ಮುಂದೆ ಬರಬೇಕು, ಯಾವುದು ಹಿಂದೆ ಸರಿಯಬೇಕು ಎಂದು ತೂಗಿ ನೋಡಿದ ಕುಶಲಿಗರ ಕೈ ಅದರಲ್ಲಿದೆ. ‘ಸತ್ಯ ಹರಿಶ್ಚಂದ್ರ’, ‘ಕಸ್ತೂರಿ ನಿವಾಸ’ದ ಕಾಲದ ನಮ್ಮ ಚಿತ್ರಗಳೂ ಹೀಗೆಯೇ ಮೂಡಿದವು. ಈ ಎರಡೂ ಚಿತ್ರಗಳು ಬಣ್ಣ ತುಂಬಿಕೊಂಡು ಕ್ರಮವಾಗಿ 2008ರಲ್ಲಿ, 2014ರಲ್ಲಿ ಮತ್ತೆ ತೆರೆಗೆ ಬಂದಾಗ ಹೊಸಬರು ನೋಡಿದರು, ಸಂತೋಷ. ಆದರೆ ಕಪ್ಪು-ಬಿಳುಪನ್ನು ಕಾಪಾಡಬೇಕು ಎನ್ನುವ ನಾವು ಆ ಒಂಟಿ ಟ್ರ್ಯಾಕನ್ನೂ ಕಾಪಾಡಬೇಕು ಎಂದು ಅಷ್ಟೇ ಗಟ್ಟಿಯಾಗಿ ಹೇಳುವುದಿಲ್ಲ.

ಹಿಗ್ಗಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ‘ಅಪೊಕ್ಯಾಲಿಪ್ಸ್ ನೌ’ ನೋಡಿ. ‘ಶೋಲೆ’ ಬಂದು ಸರಿಯಾಗಿ ನಾಲ್ಕು ವರ್ಷಕ್ಕೆ, 1979ರ ಆಗಸ್ಟ್ 15ರಂದು ಅದು ಬಿಡುಗಡೆಯಾಯಿತು. ಧ್ವನಿ ವಿನ್ಯಾಸಕ ವಾಲ್ಟರ್ ಮರ್ಚ್ ಅದರ 70 ಎಂಎಂ ಧ್ವನಿಯಲ್ಲಿ ಹಿಂದಿನ ಎಡ, ಬಲಗಳನ್ನು ಬೇರ್ಪಡಿಸಿ, ತಗ್ಗಿನ ಸದ್ದಿಗೂ ಜಾಗ ಕೊಟ್ಟು, ಆರಂಭದ ಹೆಲಿಕಾಪ್ಟರನ್ನು ಪ್ರೇಕ್ಷಕರ ಸುತ್ತ ತಿರುಗಿಸಿದರು. 5.1 ಎಂಬ ಹೆಸರು ಹುಟ್ಟುವ ಮೊದಲೇ ಅದರ ರೂಪ ಅಲ್ಲಿತ್ತು. 2019ರ ‘ಫೈನಲ್ ಕಟ್’ 4ಕೆ ಡಿಸ್ಕ್‌ನಲ್ಲಿ ಅದೇ ಹೆಲಿಕಾಪ್ಟರ್ ಅಟ್ಮಾಸ್‌ನಲ್ಲಿ ಹಾರುತ್ತದೆ. ಮೊದಲೇ ಸುತ್ತುತ್ತಿದ್ದ ಸದ್ದಿಗೆ ಅಲ್ಲಿ ಇನ್ನಷ್ಟು ಬಾನು ಸಿಕ್ಕಿತು.

ನಮ್ಮ ಹಜಾರದಲ್ಲಿ

ಎಲ್ಲರ ಮನೆಯಲ್ಲೂ ಆರು ಸ್ಪೀಕರ್ ಇರುವುದಿಲ್ಲ. 5.1ರಲ್ಲಿ ಮಾತು ಹೆಚ್ಚಾಗಿ ನಡುವಿನ ಸ್ಪೀಕರಿನದು. ಟಿವಿಯ ಎರಡು ಸ್ಪೀಕರ್‌ಗಳಿಗೆ ಎಲ್ಲವನ್ನೂ ಹಿಂಡಿ ತುಂಬಿದಾಗ ಮಾತು ಗದ್ದಲದಲ್ಲಿ ಮುಳುಗುತ್ತದೆ. ಕೇಳಿಸಲಿಲ್ಲವೆಂದು ವಾಲ್ಯೂಮ್ ಏರಿಸಿದರೆ ಫೈಟ್ ಬಂದಾಗ ಕಿವಿ ಗಡಚಿಕ್ಕುತ್ತದೆ. ಅಂಥವರು ಆಡಿಯೊ ಮೆನುವಿಗೆ ಹೋಗಿ ಸ್ಟೀರಿಯೊ ಅಥವಾ ಮೊನೊ ಟ್ರ್ಯಾಕ್ ಆರಿಸಿಕೊಂಡು ನೋಡಲಿ. ಹಳೆಯ ಚಿತ್ರವಾದರೆ ಮೂಲದ ಸೊಗಸೂ ಸಿಕ್ಕೀತು. ಸರೌಂಡ್ ಇರುವವರು ನಡುವಿನ ಸ್ಪೀಕರನ್ನು ಸ್ವಲ್ಪ ಏರಿಸಿಕೊಂಡರೆ ಸಾಕು.

‘ಶೋಲೆ’ಯ 4ಕೆ ಪುನರುಜ್ಜೀವಿತ ಪ್ರತಿ 2025ರ ಜೂನ್‌ನಲ್ಲಿ ಇಟಲಿಯ ಬೊಲೋನ್ಯಾ ಚಿತ್ರೋತ್ಸವದಲ್ಲಿ ಮೊದಲು ಪ್ರದರ್ಶನಗೊಂಡಿತು. ಅಂದಿನ 70 ಎಂಎಂ ಪ್ರಿಂಟುಗಳಲ್ಲಿ ಒಂದೂ ಉಳಿದಿರಲಿಲ್ಲ. ಆದರೆ ಚಿತ್ರದ ನಿರ್ಮಾಣ ಸಂಸ್ಥೆ ಸಿಪ್ಪಿ ಫಿಲ್ಮ್ಸ್ ಕಾಪಾಡಿಕೊಂಡು ಬಂದಿದ್ದ ಮೂಲ ಕಾಂತೀಯ ಧ್ವನಿ ಸಾಮಗ್ರಿ ಉಳಿದಿತ್ತು. ಧ್ವನಿಗೆ ಮತ್ತೆ ಜೀವ ಬಂದದ್ದು ಅದರಿಂದ. ಯಾರೋ ಬಿಸಾಡದೆ ಎತ್ತಿಟ್ಟ ಟೇಪು ಹೀಗೆ ಐವತ್ತು ವರ್ಷದ ಮೇಲೆ ಕೈ ಹಿಡಿಯಿತು.

ಡಿಸ್ಕ್ ಹೊರತರುವವರಲ್ಲಿ ನನ್ನದು ಇಷ್ಟೇ ಬೇಡಿಕೆ: ಹೊಸ ಮಿಕ್ಸ್ ಕೊಡಿ, ಜೊತೆಯಲ್ಲಿ ಮೂಲವನ್ನೂ ಕೊಡಿ. ಮೊನೊ ಟ್ರ್ಯಾಕಿಗೆ ಡಿಸ್ಕ್‌ನಲ್ಲಿ ಬೇಕಾಗುವ ಜಾಗ ಬಹಳ ಕಡಿಮೆ. ಆಗ ಅಜ್ಜ ಕೇಳಿದ್ದನ್ನು ಮೊಮ್ಮಗಳೂ ಕೇಳಬಹುದು. ನಾಣ್ಯ ಬಿದ್ದಾಗ ಅವಳು ಸೋಫಾದ ಕೆಳಗೆ ಬಗ್ಗಿ ನೋಡಿದರೆ, ಅಜ್ಜನ ಮಾತು ಸುಳ್ಳಲ್ಲವೆಂದು ಅವಳಿಗೂ ಗೊತ್ತಾಗುತ್ತದೆ.